ತುರಹಳ್ಳಿಯ ನೀಲಗಿರಿ ಯಾವ ಲೆಕ್ಕಕ್ಕೆ?

ಆಹ್ವಾನ ಪತ್ರಿಕೆಯಲ್ಲಿ ‘ಭಾರತದ ಕಾಡು ಮತ್ತು ಹಸಿರುಮನೆ ಅನಿಲ’ ಎಂದು ಅಚ್ಚಾಗಿದೆ. ಅಷ್ಟು ದೊಡ್ಡ ವಿಷಯ ಒಂದು ಸಂಜೆಗೆ ಮುಗಿಯುವಂಥದ್ದಲ್ಲ. ವರ್ಷಗಳಿಂದ ನಾನು ತಕರಾರು ಎತ್ತುತ್ತಾ ಬಂದಿರುವ ಒಂದೇ ಒಂದು ಅಂಶವನ್ನು ಹಿಡಿದು ಮಾತಾಡುತ್ತೇನೆ.

2024ರ ಡಿಸೆಂಬರಿನಲ್ಲಿ ಭಾರತ ವಿಶ್ವಸಂಸ್ಥೆಗೆ ಒಂದು ವರದಿ ಕೊಟ್ಟಿತು. 2020ನೇ ಇಸವಿಯಲ್ಲಿ ನಮ್ಮ ಕಾಡು, ಮರಗಿಡ, ಹೊಲ ಎಲ್ಲ ಸೇರಿ ಸುಮಾರು 52 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಿವೆ, ದೇಶ ಗಾಳಿಗೆ ಬಿಟ್ಟ ಆ ಅನಿಲದಲ್ಲಿ ಇದು ಶೇ 22ರಷ್ಟು, ಎನ್ನುತ್ತದೆ ಅದು. ಬ್ರೆಜಿಲ್, ಇಂಡೋನೇಷ್ಯಾಗಳಲ್ಲಿ ಕಾಡು ಸುಟ್ಟು, ನೆಲ ಅಗೆದು ಬರುವ ಹೊಗೆಯೇ ದೊಡ್ಡ ಖರ್ಚು. ನಮ್ಮಲ್ಲಿ ನೆಲದ ಬಾಬ್ತು ಜಮಾ ಕಡೆಗಿದೆ. ಹೆಮ್ಮೆಪಡುವ ಮಾತೇ. ಆದರೆ ಆ ಜಮಾದ ಒಳಗೆ ಏನೇನು ಸೇರಿದೆ ಎಂದು ನೋಡಬೇಕಲ್ಲ?

ಕಾಡಿನ ಲೆಕ್ಕ ಇಡುವ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ನಿಯಮ ಹೀಗಿದೆ: ಒಂದು ಹೆಕ್ಟೇರಿಗಿಂತ ಹೆಚ್ಚಿನ ಜಾಗದಲ್ಲಿ ಮರಗಳ ನೆತ್ತಿ ಶೇ 10ಕ್ಕಿಂತ ಹೆಚ್ಚು ನೆಲ ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಜಮೀನು ಯಾರದ್ದು, ಮರ ಯಾವುದು ಎಂಬುದು ಲೆಕ್ಕಕ್ಕಿಲ್ಲ. ಮಾವಿನ ತೋಪೂ ಸೇರುತ್ತದೆ, ನೀಲಗಿರಿ ತೋಪೂ ಸೇರುತ್ತದೆ, ಆಗುಂಬೆಯ ಕಾಡೂ ಸೇರುತ್ತದೆ. ನನ್ನ ತಕರಾರು ಇರುವುದು ಇಲ್ಲೇ.

ಈ ತಕರಾರು ದೆಹಲಿಯಲ್ಲಿ ಹುಟ್ಟಿದ್ದಲ್ಲ, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಹುಟ್ಟಿದ್ದು ಎಂಬುದು ನನ್ನ ವಾದ. 1984ರಲ್ಲಿ ರಾಜ್ಯ ಸರ್ಕಾರ ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಮಾಡಿತು. ಸರ್ಕಾರದ ಪಾಲು ಶೇ 51. ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನಿನಲ್ಲಿ ನೀಲಗಿರಿಯಂಥ ಮರ ಬೆಳೆದು ಕಾರ್ಖಾನೆಗೆ ಒದಗಿಸುವುದು ಉದ್ದೇಶ. ಕಡತಗಳಲ್ಲಿ ಅದು ಪಾಳು ಜಮೀನು. ಊರಿನವರಿಗೆ ಅದೇ ದನದ ಮೇವು, ಸೌದೆ, ಸೊಪ್ಪು. 1987ರ ನವೆಂಬರ್ 14ರಂದು ಜನ ಕುಸನೂರಿನ ಅಂಥ ಜಮೀನಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು, ಹಣ್ಣಿನ, ಮೇವಿನ ಸಸಿ ಹಚ್ಚಿದರು. ಕಿತ್ತಿಕೊ-ಹಚ್ಚಿಕೊ ಚಳವಳಿ ನಿಮ್ಮಲ್ಲಿ ಹಿರಿಯರಿಗೆ ನೆನಪಿದ್ದೇ ಇರುತ್ತದೆ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತಿತ್ತು, ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರಿದ್ದರು. 1991ರಲ್ಲಿ ಕಂಪನಿ ಮುಚ್ಚಿತು.

ಅಲ್ಲಿ ಇಂಗಾಲದ ಮಾತೇ ಬರಲಿಲ್ಲ. ಆದರೂ ಇವತ್ತಿನ ವ್ಯಾಜ್ಯವೆಲ್ಲ ಆ ಹೋರಾಟದಲ್ಲಿ ಅಡಗಿದೆ. ಏಳೆಂಟು ವರ್ಷಕ್ಕೊಮ್ಮೆ ಕಡಿದು ತಿರುಳಾಗಿ, ಕಾಗದವೋ ಬಟ್ಟೆಯೋ ಆಗುವ ಮರ ಹೀರಿದ ಇಂಗಾಲ ಎಷ್ಟು ದಿನ ನಿಂತೀತು? ಕಡಿದ ಮೇಲೆ ಚಿಗುರುತ್ತದೆ, ಸರಾಸರಿಯಲ್ಲಿ ಒಂದಷ್ಟು ಉಳಿಯುತ್ತದೆ, ಒಪ್ಪೋಣ. ಆದರೆ ಆ ತೋಪು ಬರುವ ಮೊದಲು ಅಲ್ಲಿದ್ದ ಕುರುಚಲು, ಹುಲ್ಲು, ಅದರಡಿಯ ಮಣ್ಣು? ನೆಟ್ಟವರು ಅದನ್ನು ಸೊನ್ನೆ ಎಂದು ಹಿಡಿದುಬಿಟ್ಟರು.

ಮಣ್ಣಿನ ಮಾತು ಬಂತು, ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರನ್ನು ನೆನೆಯದೆ ಮುಂದೆ ಹೋಗಲಾರೆ. ಇಲ್ಲೇ ಪಕ್ಕದ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ನಮ್ಮನ್ನು ನೀಲಗಿರಿ ಕೆಳಗೆ ಕೂರಿಸಿ, ಕೈಗೊಂದು ಕುರ್ಚಿಗೆ ಕೊಟ್ಟು ಅಗೆಯಿರಿ ಅಂದರು. ಮೇಲೆ ಕುಡುಗೋಲಿನಾಕಾರದ ಒಣ ಎಲೆ, ಮುರಿದರೆ ಎಣ್ಣೆ ವಾಸನೆ, ಹೋದ ವರ್ಷದ್ದೂ ಹಾಗೇ ಕೂತಿದೆ. ಕೆಳಗೆ ಗಟ್ಟಿ ಕೆಂಪು ನೆಲ, ಕುರ್ಚಿಗೆ ಇಳಿಯದು. ಆಮೇಲೆ ಒಂದು ಹಳೇ ಹೊಂಗೆಮರದ ಬುಡ. ಎಲೆ ಎತ್ತಿದರೆ ಅರ್ಧ ಕೊಳೆತ ಎಲೆ, ಅದರಡಿ ಪುಡಿಪುಡಿ ಕಪ್ಪು ಮಣ್ಣು, ಎರೆಹುಳದ ಹಿಕ್ಕೆ, ನೂಲಿನಂಥ ಬಿಳಿ ಬೂಷ್ಟು. “ಮರ ಎಣಿಸೋಕೆ ತಲೆ ಎತ್ತಿದ್ದು ಸಾಕು, ಬಗ್ಗಿ ಕಣ್ರೋ,” ಅಂದರು. ಭಾರತದ ಕಾಡಿನ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಮಣ್ಣಿನಲ್ಲಿದೆ ಎಂದು ಸರ್ವೇಕ್ಷಣ ಸಂಸ್ಥೆಯ ವರದಿಗಳಲ್ಲೇ ಆಮೇಲೆ ಓದಿದಾಗ ಮೇಷ್ಟ್ರು ಕಣ್ಣಮುಂದೆ ಬಂದರು.

ಸಂಸ್ಥೆಯವರು ಮಣ್ಣು ನೋಡುವುದೇ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ಆಯ್ದ ಜಾಗಗಳಲ್ಲಿ 30 ಸೆಂಟಿಮೀಟರ್ ಆಳದವರೆಗೆ ಮಾದರಿ ತೆಗೆಯುತ್ತಾರೆ. ಆದರೆ ಹೊದಿಕೆಯ ನಕ್ಷೆ ಬರುವುದು ಉಪಗ್ರಹದಿಂದ, ಅದರ ಒಂದೊಂದು ಚುಕ್ಕೆಯೂ ನೆಲದ ಮೇಲೆ ಸುಮಾರು 23.5 ಮೀಟರ್ ಅಗಲ. ಕೊಡಗಿನ ಕಾಫಿ ತೋಟದಲ್ಲಿ ನಂದಿ, ಅತ್ತಿ, ಬೀಟೆ ಹೋಗಿ ಸಿಲ್ವರ್ ಓಕ್ ಬಂದರೆ ಮೇಲಿನಿಂದ ಅದೂ ಹಸಿರೇ. ನೂರು ವರ್ಷ ನಿಂತ ಮರದ ಇಂಗಾಲ ಹೋದದ್ದು ಹೊದಿಕೆಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಸಹಜ ಕಾಡಿಗೊಂದು, ತೋಪಿಗೊಂದು, ತೋಟಕ್ಕೊಂದು ಬೇರೆಬೇರೆ ಕಾಲಂ ಮಾಡಿ ಬಹಿರಂಗವಾಗಿ ಬರೆಯಿರಿ ಎಂಬುದಷ್ಟೇ ನನ್ನ ಬೇಡಿಕೆ.

ಇಷ್ಟು ಹೇಳಿದ ಮೇಲೆ ನನ್ನನ್ನೇ ಕಾಡುವ ಪ್ರಶ್ನೆಗಳಿವೆ, ನೀವು ಕೇಳುವ ಮೊದಲೇ ಹೇಳುತ್ತೇನೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ನಾನು ಸಂತೋಷಪಟ್ಟೆ. ಆದರೆ ಕೂಲಿಯಾಳು ಸಿಗದೆ ನೀಲಗಿರಿ ಹಾಕಿದ್ದ ಹೊಸಕೋಟೆ, ಮಾಲೂರಿನ ರೈತ, ಅದನ್ನು ಕಿತ್ತು ಜಮೀನನ್ನು ಲೇಔಟಿಗೆ ಕೊಟ್ಟರೆ ಮಣ್ಣಿಗೆ ಯಾವುದು ಮೇಲು? ನಾವೆಲ್ಲ ಇರುವ ರಾಜರಾಜೇಶ್ವರಿನಗರವೂ ಹೊಲಗದ್ದೆ ಇದ್ದ ನೆಲವೇ. ಇನ್ನೊಂದು ಪ್ರಶ್ನೆ: ತಲೆಗೆ ಲೆಕ್ಕ ಹಾಕಿದರೆ ಅಮೆರಿಕದವನಿಗಿಂತ ಎಷ್ಟೋ ಕಡಿಮೆ ಹೊಗೆ ಬಿಡುವ ನಾವು, ನಮ್ಮ ಜಮಾವನ್ನು ನಾವೇ ಕತ್ತರಿಸಿಕೊಂಡು ಅವರ ಮುಂದೆ ನಿಲ್ಲಬೇಕೆ?

ಇನ್ನು ನಮ್ಮ ಬೆಂಗಳೂರಿನ ತುರಹಳ್ಳಿ ಕಾಡು. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಬೇಡವೆಂದು ಜನ ಬೀದಿಗಿಳಿದರು, ಸರ್ಕಾರ ಯೋಜನೆ ಕೈಬಿಟ್ಟಿತು. ಆ ಕಾಡಿನಲ್ಲಿ ಬಂಡೆ, ಕುರುಚಲಿನ ಜೊತೆ ಅರಣ್ಯ ಇಲಾಖೆಯ ನೀಲಗಿರಿಯೂ ಇದೆ. ಅದನ್ನು ಕಡಿದರೆ ಇಂಗಾಲ ಗಾಳಿಗೆ ಹೋಗುತ್ತದೆ, ಬಿಟ್ಟರೆ ಕುರುಚಲು ಮೇಲೇಳುವುದಿಲ್ಲ. ಕುಸನೂರಿನವರ ಹಾಗೆ ಕಿತ್ತು ಹಚ್ಚಿ ಎಂದು ಹೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ. ನಿಮ್ಮಲ್ಲಿ ಯಾರಾದರೂ ಹೇಳುವಿರಾ?