ನೆರೆ ಬರುವ ಮುನ್ನ ನಾವು ಮಾಡಬೇಕಾದ್ದು

(ರಜತ ಮಹೋತ್ಸವದ ಅಂಗವಾಗಿ ನಡೆದ ನೆರೆ ಮುನ್ನೆಚ್ಚರಿಕೆ ಶಿಬಿರದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಹೊತ್ತಿನಲ್ಲಿ, ವಿಪತ್ತು ನಿರ್ವಹಣೆಯ ತರಬೇತಿ ಮುಗಿಸಿ ಬಂದ ನಮಗೆ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಹಬ್ಬದ ದಿನ ಹೊಳಿ ಬಂದ ಸುದ್ದಿ ಯಾಕ್ರಿ ಅಂತ ಕೆಲವರಿಗೆ ಅನಿಸಬಹುದು. ಮಲಪ್ರಭೆಯ ದಂಡೆಯಲ್ಲಿ ಕೂತವರು ಇದನ್ನು ಇನ್ಯಾವಾಗ ಮಾತಾಡಬೇಕು?

2009ರ ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಉತ್ತರ ಕರ್ನಾಟಕವನ್ನು ಮುಳುಗಿಸಿದ್ದು ಹಿರಿಯರಿಗೆ ನೆನಪಿದೆ. 2019ರ ಆಗಸ್ಟ್‌ನಲ್ಲಿ ಘಟ್ಟದ ಮಳೆಗೆ ನವಿಲುತೀರ್ಥ ಜಲಾಶಯ ತುಂಬಿ, ನೀರು ಬಿಟ್ಟಾಗ ಗದಗ ಜಿಲ್ಲೆಯ ಕೊಣ್ಣೂರಿನಂಥ ಊರುಗಳು ಜಲಾವೃತವಾದವು. ಹೀಗಾಗಿ ನಮ್ಮ ತಲೆ ಮೇಲಿನ ಮೋಡ ನೋಡಿ ಲೆಕ್ಕ ಹಾಕುವಂತಿಲ್ಲ. ಕಣಕುಂಬಿ, ಖಾನಾಪುರದ ಕಡೆ ಮಳೆ ಹೆಂಗಿದೆ, ಅಣೆಕಟ್ಟಿನಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂದು ಕೇಳುತ್ತಿರಬೇಕು. ಜಿಲ್ಲಾ ಕಂಟ್ರೋಲ್ ರೂಮಿನ ನಂಬರು 1077, ತುರ್ತು ಕರೆಗೆ 112. ಸಂಘದ ಗೋಡೆ ಮೇಲೆ ದೊಡ್ಡದಾಗಿ ಬರೆಸೋಣ.

ಶಿಬಿರದಲ್ಲಿ ಹಗ್ಗದ ಗಂಟು, ಲೈಫ್ ಜಾಕೆಟ್, ಎದೆ ಒತ್ತಿ ಜೀವ ಉಳಿಸುವುದು ಎಲ್ಲಾ ಕಲಿಸುತ್ತಾರೆ. ಕಲಿಯಬೇಕಾದ್ದೇ. ಆದರೆ ನಮ್ಮೂರಿನ ಯೋಜನೆ ಶುರುವಾಗಬೇಕಾದ್ದು ದನದ ಕೊಟ್ಟಿಗೆಯಿಂದ ಎಂಬುದು ನಮ್ಮ ಅಭಿಪ್ರಾಯ. ಮನೆ ಬಿಡ್ರಿ ಅಂದ್ರೆ ಮೊದಲು ಬರುವ ಉತ್ತರ, "ಎಮ್ಮಿ ಬಿಟ್ಟು ಹೆಂಗ ಬರೂದು?" ಅಧಿಕಾರಿಗಳು ಇದನ್ನು ಮೊಂಡುತನ ಅನ್ನುತ್ತಾರೆ. ಮೊಂಡುತನವಲ್ಲ ಅದು. ಆ ಎಮ್ಮೆ ಸಾಲದ್ದು, ಸಾಲ ಕೊಟ್ಟಿದ್ದೂ ಇದೇ ಸಂಘ! ಆದ್ದರಿಂದ ಹೊಳೆ ಏರುವ ಸುದ್ದಿ ಬಂದ ಕೂಡಲೇ ದನಗಳನ್ನು ದಿಬ್ಬಕ್ಕೆ ಹೊಡೆಯಬೇಕು. ಯಾರ ಕಣದಲ್ಲಿ ಕಟ್ಟುವುದು, ಮೇವು ಯಾರದು, ರಾತ್ರಿ ಕಾಯುವವರು ಯಾರು, ಇದೆಲ್ಲ ಮಳೆಗಾಲಕ್ಕೆ ಮೊದಲೇ ತೀರ್ಮಾನವಾಗಿರಬೇಕು. ದನ ದಿಬ್ಬ ಹತ್ತಿದರೆ ಮಂದಿ ತಾವೇ ಹಿಂದೆ ಬರುತ್ತಾರೆ. ವೇಳೆ ಸಿಗದಿದ್ದರೆ ಹಗ್ಗವನ್ನಾದರೂ ಬಿಚ್ಚಿಬಿಡಿ. ಕಟ್ಟಿದ ದನ ನಿಂತಲ್ಲೇ ಮುಳುಗುತ್ತದೆ, ಬಿಟ್ಟದ್ದು ಈಜಿ ದಂಡೆ ಸೇರೀತು.

ಇನ್ನು ಮನುಷ್ಯರ ಪಟ್ಟಿ. ಸಂಘದ ಷೇರುದಾರರ ಪಟ್ಟಿಯಿಂದ ಈ ಕೆಲಸ ಆಗುವುದಿಲ್ಲ. ಹೊಳೆಗೆ ಹತ್ತಿರ ಕೆಳಗಿನ ಓಣಿಯಲ್ಲಿ ಇರುವ ಕೂಲಿ ಮಂದಿಯಲ್ಲಿ ಬಹಳ ಜನ ಸದಸ್ಯರೇ ಅಲ್ಲ, ನೀರು ಮೊದಲು ಹೊಗುವುದು ಅವರ ಮನೆಗೆ. ಹಾಸಿಗೆ ಹಿಡಿದ ಅಜ್ಜ ಯಾವ ಮನೆಯಲ್ಲಿ, ದಿನ ತುಂಬಿದ ಬಸುರಿ ಯಾವ ಮನೆಯಲ್ಲಿ ಎಂದು ಬರೆದುಕೊಂಡು, ಒಂದೊಂದು ಮನೆಗೆ ಇಬ್ಬರ ಹೆಸರು ಹಚ್ಚಬೇಕು. ಒಬ್ಬರೇ ಸಾಲದು, ಅವರು ಅಂದೇ ಸಂತೆಗೆ ಹೋಗಿರುತ್ತಾರೆ! ಕರೆಂಟು ಹೋದರೆ ಮೈಕೂ ಇಲ್ಲ, ಮೊಬೈಲೂ ಇಲ್ಲ. ಹಳೇ ಡಂಗುರವೇ ಗತಿ. ಅದರ ಚರ್ಮ ಹರಿದಿದೆ, ರಿಪೇರಿ ಮಾಡಿಸಬೇಕು.

ತರುಣರಿಗೆ ಒಂದು ಮಾತು. ಹರಿಯುವ ನೀರು ಮೊಣಕಾಲಿಗೆ ಬಂದರೂ ಗಟ್ಟಿ ಆಳನ್ನು ಕೆಡವುತ್ತದೆ. ಎರಡಡಿ ನೀರು ಕಾರನ್ನೇ ತೇಲಿಸುತ್ತದೆ. ಸೇತುವೆ ಮುಳುಗಿದಾಗ ಟ್ರ್ಯಾಕ್ಟರ್ ಇಳಿಸಿ ಪಂದ್ಯ ಕಟ್ಟುವುದು ಬೇಡ.

2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ಬೋಟು, ಸಿಬ್ಬಂದಿ ಬರುತ್ತಾರೆ. ಬರುವವರೆಗಿನ ತಾಸುಗಳು ಮಾತ್ರ ನಮ್ಮವೇ.

ಸಂಘದ ಗೊಬ್ಬರದ ಚೀಲಗಳನ್ನು ಎತ್ತರದ ಹಲಗೆಗೆ, ಸಾಲದ ಖಾತೆ ಪುಸ್ತಕಗಳನ್ನು ಅಟ್ಟಕ್ಕೆ ಏರಿಸಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ಗೋದಾಮಿನ ಎರಡನೇ ಬೀಗದ ಕೈ ಯಾರ ಹತ್ತಿರ ಇರಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಬರುವ ರವಿವಾರ ಬೆಳಿಗ್ಗೆ ಎಂಟಕ್ಕೆ ಕೆಳಗಿನ ಓಣಿಯಿಂದ ದಿಬ್ಬದವರೆಗೆ ದನ ಹೊಡೆದುಕೊಂಡು ನಡೆದು ನೋಡುವುದಿದೆ, ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಹಿಡಿದು ಅಳೆಯುತ್ತೇವೆ. ಮನೆಗೊಬ್ಬರಾದರೂ ಬರ್ರಿ, ಚಹಾದ ವ್ಯವಸ್ಥೆ ಸಂಘದ್ದು.