ಕುದಿಸಿದರೂ ಕೆಡದ ಪ್ರೋಟೀನು

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದ ಹೆಸರಿನಲ್ಲೇ ಹಾಲಿದೆ. ಆ ಸೀಮೆಯ ಯಾವ ಅಡಿಗೆಮನೆಯಲ್ಲಾದರೂ ನೋಡಿ: ಒಳ್ಳೆಯ ಹಾಲು ಕಾದರೆ ಉಕ್ಕುತ್ತದೆಯೇ ಹೊರತು ಒಡೆಯುವುದಿಲ್ಲ; ಮೊಟ್ಟೆಯ ಬಿಳಿಯಾದರೋ ಗಟ್ಟಿಯಾಗುತ್ತದೆ. ಎರಡರಲ್ಲಿಯೂ ಇರುವುದು ಪ್ರೋಟೀನೇ. ಮೊಟ್ಟೆಯ ಪ್ರೋಟೀನಿನ ಎಳೆಯನ್ನು ಪ್ರಕೃತಿ ಅಚ್ಚುಕಟ್ಟಾಗಿ ಮಡಿಸಿಟ್ಟಿದೆ. ಬಿಸಿಗೆ ಮಡಿಕೆ ಬಿಚ್ಚಿ ಎಳೆಗಳು ಒಂದಕ್ಕೊಂದು ತೊಡರುತ್ತವೆ. ಹಾಲಿನ ಕೇಸಿನ್‌ಗೆ ಅಂಥ ಬಿಗಿಮಡಿಕೆಯಿಲ್ಲ. ಕೆಡುವ ರೂಪವೇ ಇಲ್ಲದ್ದಕ್ಕೆ ಬೆಂಕಿಯ ಭಯವೇನು?

ನಮ್ಮ ಜೀವಕೋಶಗಳ ಕೇಂದ್ರದಲ್ಲಿಯೂ ಇಂಥದೊಂದು ಪುಟ್ಟ ಪ್ರೋಟೀನಿದೆ. ಹೆಸರು ಪ್ರೋಥೈಮೋಸಿನ್ ಆಲ್ಫಾ. ಮೊದಲು ಥೈಮಸ್ ಗ್ರಂಥಿಯಲ್ಲಿ ದೊರೆತದ್ದು ಇದರ 28 ಅಮೈನೋ ಆಮ್ಲಗಳ ತುಂಡು ಮಾತ್ರ. 1984ರಲ್ಲಿ ಅಮೆರಿಕದಲ್ಲಿ ಹಾರಿಟೋಸ್, ಹೋರೆಕರ್ ಮೊದಲಾದವರು ಇಲಿಯ ಗ್ರಂಥಿಯನ್ನು ಕುದಿಯುವ ದ್ರಾವಣಕ್ಕೆ ಹಾಕಿದರು. ಕತ್ತರಿಸುವ ಕಿಣ್ವಗಳು ನಿಷ್ಕ್ರಿಯವಾದವು. ಸುಮಾರು 110 ಕೊಂಡಿಗಳ ಇಡೀ ಸರಪಳಿ ಉಳಿಯಿತು. ಕೊಂಡಿಗಳಲ್ಲಿ ಅರ್ಧದಷ್ಟು ಆಮ್ಲೀಯ, ಋಣವಿದ್ಯುತ್ತುಳ್ಳವು. ಬೇರೆ ಅಂಗಗಳ ಕೋಶಗಳಲ್ಲಿಯೂ ಅದು ಕಂಡುಬಂದಿತು.

ಅದರ ಕೆಲಸವೇನು? ಡಿ.ಎನ್.ಎ. ಎಳೆಯನ್ನು ಬಿಗಿಯಾಗಿ ಹಿಡಿದಿರುವ ಹಿಸ್ಟೋನ್ ಎಚ್1 ಧನವಿದ್ಯುತ್ತುಳ್ಳದ್ದು. ಪ್ರೋಥೈಮೋಸಿನ್ ಅದನ್ನು ತನ್ನತ್ತ ಸೆಳೆದು ಆ ಹಿಡಿತವನ್ನು ಸಡಿಲಿಸುತ್ತದೆ. 2018ರಲ್ಲಿ ಜ್ಯೂರಿಕ್ಕಿನ ವಿಜ್ಞಾನಿಗಳೂ ಅವರ ಸಂಗಡಿಗರೂ ಒಂದು ಸೋಜಿಗವನ್ನು ತೋರಿಸಿದರು: ಇವೆರಡೂ ಗಾಢವಾಗಿ ಕೂಡಿಕೊಂಡರೂ ಅವುಗಳ ಸಡಿಲ ಎಳೆಗಳು ನಿಶ್ಚಿತ ರೂಪ ತಾಳುವುದಿಲ್ಲ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಸಂಧಿಯಾಯಿತು. ಆದರೆ ಲೋಪವಿಲ್ಲ, ಆಗಮವಿಲ್ಲ, ಆದೇಶವಿಲ್ಲ!

ಬೀಗಕ್ಕೆ ಬೀಗದಕೈ ಹೊಂದುವಂತೆ ರೂಪ ಹೊಂದಿದರೆ ಮಾತ್ರ ಪ್ರೋಟೀನಿನ ಕೆಲಸ ಸಾಗುತ್ತದೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತ ಬಂದವು. ಆ ಸೂತ್ರಕ್ಕೆ ಈಗ ಒಂದು ಅಪವಾದವನ್ನೂ ಸೇರಿಸಿ ಓದಬೇಕು.