ವಿದ್ಯಾದಾಸೋಹವೂ ಕೊಪ್ಪಳದ ಮಹಾವಿದ್ಯಾಲಯವೂ



ಕೊಪ್ಪಳದ ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವುಂಟು. ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಅಕ್ಷರವನ್ನು ಕಂಡ ಈ ನೆಲದ ಮಕ್ಕಳು ಮುಂದೆ ಅಕ್ಷರಕ್ಕಾಗಿಯೇ ಹಂಬಲಿಸಬೇಕಾಯಿತು. 1948ರವರೆಗೆ ಈ ಸೀಮೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು, ಸರಕಾರದ ಶಾಲೆಗಳಲ್ಲಿ ಉರ್ದುವಿಗೇ ಅಗ್ರಸ್ಥಾನವಿದ್ದಿತು. ಕನ್ನಡದಲ್ಲಿ ಓದಬಯಸಿದ ಬಾಲಕನಿಗೆ ಬಹುಮಟ್ಟಿಗೆ ಮಠದ ಜಗುಲಿಯೇ ಆಸರೆ.

1963ರಲ್ಲಿ ಶ್ರೀಗವಿಸಿದ್ಧೇಶ್ವರ ಮಹಾವಿದ್ಯಾಲಯವು ಉದಯಿಸಿ ಈ ಕೊರತೆಯನ್ನು ನೀಗತೊಡಗಿತು. ತುಂಗಭದ್ರೆಯ ಕಾಲುವೆಯು ಗಂಗಾವತಿಯ ಗದ್ದೆಗಳನ್ನು ತಣಿಸಿತು. ಕುಷ್ಟಗಿ ಯಲಬುರ್ಗಾಗಳ ಎರೆಹೊಲ ಮಸಬುಹೊಲಗಳು ಮುಗಿಲನ್ನೇ ನೋಡುತ್ತ ಉಳಿದವು. ಮಳೆ ಹೋದ ವರ್ಷ ಮೊದಲು ನಿಲ್ಲುವುದು ಮಕ್ಕಳ ಓದು. ಅದರಲ್ಲಿಯೂ ಹೆಣ್ಣುಮಗಳ ಓದು. ಆದುದರಿಂದಲೇ ಶ್ರೀಮಠವು ಪಾಠದೊಡನೆ ಪ್ರಸಾದವನ್ನೂ ನೀಡಿತು. ಹಸಿದವನಿಗೆ ವ್ಯಾಕರಣವು ರುಚಿಸದಷ್ಟೆ?

ವಿದ್ಯಾಲಯದ ಸಾಧನೆಯನ್ನು ಪದಕಗಳಿಂದ ಎಣಿಸುವುದು ವಾಡಿಕೆ. ಪದಕಕ್ಕೆ ಗೌರವವು ಸಲ್ಲತಕ್ಕದ್ದೇ. ಆದರೆ ಅರ್ಧಕ್ಕೆ ಬಿಡದೆ ಓದಿ ಮುಗಿಸಿದ ಕೂಲಿಕಾರನ ಮಗಳ ಸಾಧನೆಯು ಅದಕ್ಕಿಂತ ಕಿರಿದಲ್ಲ. ಹಿಂದುಳಿದ ಶಿಷ್ಯನನ್ನು ಸಂಜೆಗೆ ಕರೆದು ತಿದ್ದುವ ಅಧ್ಯಾಪಕನ ಹೆಸರು ವಾರ್ಷಿಕ ವರದಿಯಲ್ಲಿ ಬಾರದಿದ್ದರೂ ಆತನ ಕಾಯಕವು ಹಿರಿದೇ ಸರಿ.

1997ರಲ್ಲಿ ಕೊಪ್ಪಳವು ಜಿಲ್ಲೆಯಾಯಿತು. ಸಂವಿಧಾನದ 371-ಜೆ ವಿಧಿಯು 2013ರಿಂದ ಈ ಭಾಗದ ತರುಣರಿಗೆ ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ಸ್ಥಾನಗಳನ್ನು ಒದಗಿಸಿತು. ಬಾಗಿಲೇನೋ ತೆರೆಯಿತು, ಒಳಹೊಕ್ಕವರು ಊರನ್ನು ಮರೆತರೆ ದಾಸೋಹವು ಅಲ್ಲಿಗೇ ನಿಂತುಹೋಗುವುದು. ಪದವಿ ಪಡೆದ ಪ್ರತಿಯೊಬ್ಬನೂ ತನ್ನೂರಿನ ಒಂದು ಮಗುವನ್ನಾದರೂ ಓದಿಸಲಿ. ಉಂಡ ಪ್ರಸಾದದ ಋಣವು ಅದರಿಂದಲೇ ತೀರುವುದು.